ಮೀನು ಹೇನು: ಔಷಧ ಸುರಿಯುವ ಮೊದಲು ನೀರನ್ನು ಅಳೆಯಿರಿ

ಕೃಷಿ ಹೊಂಡಗಳಲ್ಲಿಯೂ ಸಣ್ಣ ಕೆರೆಗಳಲ್ಲಿಯೂ ಗೆಂಡೆ ಮೀನು ಸಾಕುವವರಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತದೆ: ಮೀನಿನ ಮೈಗೆ ಹೇನು ಹತ್ತಿತ್ತು, ಅಂಗಡಿಯವರು ಕೊಟ್ಟ ಔಷಧವನ್ನು ಹಾಕಿದೆವು, ನಾಲ್ಕು ದಿನ ಸರಿಹೋದಂತೆ ಕಂಡಿತು, ತಿಂಗಳೊಪ್ಪತ್ತಿನಲ್ಲಿ ಮೊದಲಿಗಿಂತ ಹೆಚ್ಚಾಯಿತು. ಇನ್ನು ಕೆಲವರ ಹೊಂಡದಲ್ಲಿ ಔಷಧ ಹಾಕಿದ ಮರುದಿನ ಬೆಳಿಗ್ಗೆ ಹೇನಿನ ಜೊತೆಗೆ ಮೀನೂ ಸತ್ತು ತೇಲಿರುತ್ತದೆ. ಮೊದಲನೆಯವರು ಹೊಂಡದೊಳಗೆ ಅಂಟಿಕೊಂಡಿದ್ದ ಮೊಟ್ಟೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಎರಡನೆಯವರು ನೀರನ್ನು ಅಳೆದಿರುವುದಿಲ್ಲ. ಈ ಎರಡು ಕೆಲಸಗಳು ಸರಿಯಾದರೆ ಉಳಿದದ್ದು ಕಷ್ಟವಲ್ಲ.

ಮೀನು ಹೇನು ಎಂದು ನಾವು ಕರೆಯುವ ಆರ್ಗ್ಯುಲಸ್ ನಿಜವಾಗಿ ಹೇನಿನ ಜಾತಿಯ ಕೀಟವಲ್ಲ. ಅದು ಏಡಿ, ಸಿಗಡಿಗಳ ದೂರದ ನೆಂಟ. ಅದನ್ನು ಕೊಲ್ಲುವ ಔಷಧವೆಲ್ಲ ಸಿಗಡಿಯನ್ನೂ, ಮರಿಮೀನುಗಳಿಗೆ ಆಹಾರವಾಗುವ ಸೂಕ್ಷ್ಮ ಪ್ರಾಣಿಗಳನ್ನೂ ಕೊಲ್ಲುವುದು ಈ ಕಾರಣಕ್ಕೆ. ಮೀನಿನೊಂದಿಗೆ ಸಿಗಡಿಯನ್ನೂ ಬಿಟ್ಟವರು ಮುಂದೆ ಹೇಳುವ ಔಷಧದ ಹಂತವನ್ನು ಪೂರ್ತಿಯಾಗಿ ಬಿಟ್ಟು, ಮೊಟ್ಟೆಹಲಗೆಯ ವಿಧಾನವನ್ನೇ ನೆಚ್ಚಿಕೊಳ್ಳಬೇಕು. ಭಾರತದ ಗೆಂಡೆ ಹೊಂಡಗಳಲ್ಲಿ ಹೆಚ್ಚಾಗಿ ಕಾಣುವುದು ಆರ್ಗ್ಯುಲಸ್ ಸಿಯಾಮೆನ್ಸಿಸ್ ಎಂಬ ಪ್ರಭೇದ. ರೋಹು ಅದಕ್ಕೆ ಬಹಳ ಸುಲಭವಾಗಿ ತುತ್ತಾಗುವ ಮೀನು. ಹೇನಿನ ಕಾಟದಿಂದ ಗೆಂಡೆ ಸಾಕಣೆಯಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 29,500 ರೂಪಾಯಿ ನಷ್ಟವಾಗುತ್ತದೆಂದು ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಅಂದಾಜು ಮಾಡಿದ್ದರು. ಹೇನು ಕಚ್ಚಿದ ಗಾಯದ ಮೂಲಕ ಒಳನುಗ್ಗುವ ಬ್ಯಾಕ್ಟೀರಿಯಾ ಮೀನನ್ನು ಕೊಲ್ಲುವುದೂ ಇದೆ.

ಮೊದಲ ಹಂತ: ಹೇನೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದು

ಮೀನುಗಳು ಹೊಂಡದ ಬದಿಗೆ ಮೈ ಉಜ್ಜುವುದು, ನೀರಿನಿಂದ ಮೇಲಕ್ಕೆ ನೆಗೆಯುವುದು, ಮೇವಿಗೆ ಬಾರದಿರುವುದು, ಮೈಮೇಲೆ ಕೆಂಪು ಚುಕ್ಕೆಗಳು ಮೂಡುವುದು, ಇವೆಲ್ಲ ಅನುಮಾನಕ್ಕೆ ಸಾಕು. ಔಷಧ ಹಾಕುವುದಕ್ಕೆ ಸಾಲದು. ಬೀಸುಬಲೆಯಲ್ಲಿ ಇಪ್ಪತ್ತು ಮೀನುಗಳನ್ನು ಹಿಡಿದು, ಹೊಂಡದ ನೀರು ತುಂಬಿದ ಬಿಳಿಯ ಬೇಸಿನ್ನಿನಲ್ಲಿ ಒಂದೊಂದಾಗಿ ಬಿಡಿ. ಮೀನನ್ನು ಗಾಳಿಗೆ ಎತ್ತಿದೊಡನೆ ಹೇನುಗಳು ಕಳಚಿಕೊಂಡು ಬೀಳುವುದರಿಂದ, ಕೈಯಲ್ಲಿ ಹಿಡಿದ ಮೀನನ್ನು ನೋಡಿ ‘ಏನೂ ಇಲ್ಲ’ ಎನ್ನುವವರು ಬಹಳ. ಬೇಸಿನ್ನಿನ ನೀರನ್ನೂ ನೋಡಬೇಕು. ಚಪ್ಪಟೆಯಾದ, ದುಂಡಗಿನ, ಬಹುಮಟ್ಟಿಗೆ ಪಾರದರ್ಶಕವಾದ, ಕೆಲವು ಮಿಲಿಮೀಟರ್ ಅಗಲದ ಜೀವಿಯೊಂದು ಎರಡು ಕರಿಯ ಕಣ್ಣುಗಳನ್ನು ಹೊತ್ತು ಈಜುತ್ತಿದ್ದರೆ ಅದೇ ಹೇನು. ಮೀನಿನ ಮೈಮೇಲೆ ಈಜುರೆಕ್ಕೆಗಳ ಬುಡ, ತಲೆ, ಕಿವಿರಿನ ಮುಚ್ಚಳದ ಹಿಂಭಾಗಗಳನ್ನು ಬಿಡದೆ ನೋಡಿ. ಮೀನಿಗೆ ಸರಾಸರಿ ಎಷ್ಟು ಹೇನು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ಔಷಧ ಕೆಲಸ ಮಾಡಿತೇ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಮೀನಿನ ಮೈಯಿಂದ ದಾರದ ತುಂಡಿನಂಥದ್ದು ಹೊರಚಾಚಿ, ತುದಿಯಲ್ಲಿ ಎರಡು ಕವಲಾಗಿ ಕಾಣುತ್ತಿದ್ದರೆ ಅದು ಹೇನಲ್ಲ, ಲಂಗರು ಹುಳು. ಆ ಕವಲುಗಳು ಅದರ ಮೊಟ್ಟೆಚೀಲಗಳು. ತಲೆ ಮೀನಿನ ಮಾಂಸದೊಳಗೆ ಹೂತಿರುತ್ತದೆ. ಎಳೆದರೆ ದೇಹ ತುಂಡಾಗಿ ತಲೆ ಒಳಗೇ ಉಳಿಯುವುದರಿಂದ ಕೀಳಲು ಹೋಗಬಾರದು. ನೀರಿಗೆ ಹಾಕುವ ಔಷಧ ಹೀಗೆ ಹೂತುಕೊಂಡ ಹುಳುವಿಗೆ ತಟ್ಟದೆ, ನೀರಿನಲ್ಲಿ ಈಜುವ ಅದರ ಮರಿಗಳನ್ನು ಮಾತ್ರ ಕೊಲ್ಲುತ್ತದೆ. ಅದರ ಚಿಕಿತ್ಸೆಯ ವೇಳಾಪಟ್ಟಿಯೇ ಬೇರೆ. ಇಲ್ಲಿ ಹೇಳುವುದು ಹೇನಿನ ಕ್ರಮ.

ಎರಡನೆಯ ಹಂತ: ಮೊಟ್ಟೆಹಲಗೆ ಇಳಿಸುವುದು

ಹೆಣ್ಣು ಹೇನು ಮೀನಿನ ಮೈಮೇಲೆ ಮೊಟ್ಟೆ ಇಡುವುದಿಲ್ಲ. ಮೀನನ್ನು ಬಿಟ್ಟು ಈಜಿಹೋಗಿ ಕಲ್ಲು, ಮರದ ಗೂಟ, ಪಂಪಿನ ಪೈಪು, ಹೊಂಡದ ಪ್ಲಾಸ್ಟಿಕ್ ಹಾಸು ಮುಂತಾದ ಗಟ್ಟಿ ಮೇಲ್ಮೈಗಳ ಮೇಲೆ ಸಾಲುಸಾಲಾಗಿ, ಲೋಳೆಯ ಪಟ್ಟಿಯೊಳಗೆ ಮೊಟ್ಟೆಗಳನ್ನು ಅಂಟಿಸಿ ಮತ್ತೆ ಮೀನನ್ನು ಹುಡುಕಿಕೊಂಡು ಹೋಗುತ್ತದೆ. ಈ ಸ್ವಭಾವವನ್ನೇ ಅದರ ವಿರುದ್ಧ ಬಳಸಿಕೊಳ್ಳಬಹುದು: ಮೊಟ್ಟೆ ಇಡಲು ಒಳ್ಳೆಯ ಜಾಗವನ್ನು ನಾವೇ ಒದಗಿಸಿ, ಅವು ಒಡೆಯುವ ಮೊದಲೇ ಹೊರತೆಗೆದು ಒಣಗಿಸುವುದು. ಉತ್ತರ ಐರ್ಲೆಂಡಿನ ಟ್ರೌಟ್ ಕೆರೆಗಳಲ್ಲಿಯೂ ಇಂಥ ಹಲಗೆಗಳನ್ನು ಇಳಿಸಿ ಹೇನನ್ನು ಹತೋಟಿಗೆ ತರುವ ಪ್ರಯೋಗಗಳು ನಡೆದಿವೆ.

ಬಿದಿರಿನ ತಟ್ಟಿಯನ್ನು ಇಳಿಸಿ ಎಂದು ಅನೇಕರು ಹೇಳುತ್ತಾರೆ. ಅದರಲ್ಲಿಯೂ ಹೇನು ಮೊಟ್ಟೆ ಇಡುತ್ತದೆ, ನಿಜ. ಆದರೆ ಹೆಣಿಗೆಯ ಸಂದಿಯಲ್ಲಿ ಅಡಗಿದ ಮೊಟ್ಟೆ ಕಣ್ಣಿಗೂ ಬೀಳುವುದಿಲ್ಲ, ಚಾಕುವಿಗೂ ಸಿಗುವುದಿಲ್ಲ. ಒಂದಡಿ ಅಗಲ, ಎರಡಡಿ ಉದ್ದದ ಸಾದಾ ಮರದ ಹಲಗೆಯನ್ನೇ ಬಳಸಿ. ಬಣ್ಣ, ವಾರ್ನಿಷ್ ಯಾವುದೂ ಬೇಡ. ಕೆಳತುದಿಗೆ ಕಲ್ಲು ಕಟ್ಟಿ, ಮೇಲ್ತುದಿಗೆ ಖಾಲಿ ಕ್ಯಾನು ಕಟ್ಟಿದರೆ ಹಲಗೆ ನೀರಿನೊಳಗೆ ನೆಟ್ಟಗೆ ನಿಲ್ಲುತ್ತದೆ. ಸಾಧಾರಣ ಕೃಷಿ ಹೊಂಡಕ್ಕೆ ಆರೆಂಟು ಹಲಗೆಗಳನ್ನು ನೆರಳಿರುವ ಬದಿಯಲ್ಲಿ ಹೆಚ್ಚು, ಉಳಿದೆಡೆ ಕಡಿಮೆ ಎಂಬಂತೆ ಹಂಚಿ. ಹೊಂಡದೊಳಗೆ ಬಿದ್ದಿರುವ ಕೊಂಬೆ, ಹಳೆಯ ಟೈರು, ಬೇಡದ ಗೂಟಗಳನ್ನು ಅದೇ ದಿನ ತೆಗೆದುಬಿಡಬೇಕು. ಅವು ಅಲ್ಲೇ ಇದ್ದರೆ ಹೇನು ನಿಮ್ಮ ಹಲಗೆಗೇ ಬರಬೇಕೆಂದಿಲ್ಲ.

ಏಳು ದಿನಕ್ಕೊಮ್ಮೆ ಹಲಗೆಗಳನ್ನು ಮೇಲೆತ್ತಿ. ನಮ್ಮ ಬೇಸಿಗೆಯ ನೀರಿನಲ್ಲಿ, ಸುಮಾರು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಮೊಟ್ಟೆ ಒಡೆಯಲು ಎರಡು ವಾರದ ಆಸುಪಾಸು ಹಿಡಿಯುತ್ತದೆ. ಚಳಿಗಾಲದಲ್ಲಿ ಇನ್ನೂ ತಡವಾಗುತ್ತದೆ. ಏಳು ದಿನದ ಕಟ್ಟುನಿಟ್ಟು ಸಡಿಲವಾಗಿ ಹಲಗೆ ಇಪ್ಪತ್ತು ದಿನ ನೀರಿನಲ್ಲೇ ಉಳಿದರೆ, ನೀವು ಹೇನಿಗೆ ಬಲೆಯನ್ನಲ್ಲ, ಬಾಣಂತಿಕೋಣೆಯನ್ನು ಕಟ್ಟಿಕೊಟ್ಟಂತಾಯಿತು. ಮೇಲೆತ್ತಿದ ಹಲಗೆಯನ್ನು ಹೊಂಡದಿಂದ ದೂರ ಒಯ್ದು, ಮೊಟ್ಟೆಯನ್ನು ಚಾಕುವಿನಿಂದ ಕೆರೆದು ಸುಟ್ಟು, ಎರಡು ದಿನ ಬಿಸಿಲಿಗೆ ಒಣಗಿಸಿ ಮತ್ತೆ ಇಳಿಸಬೇಕು. ಹೊಂಡದ ದಂಡೆಯಲ್ಲೇ ಕುಳಿತು ಹಲಗೆ ತೊಳೆದು ಆ ನೀರನ್ನು ಒಳಗೇ ಹರಿಯಬಿಡುವವರಿದ್ದಾರೆ. ಅದಕ್ಕಿಂತ ಹಲಗೆ ಇಳಿಸದಿರುವುದೇ ವಾಸಿ.

ಒಂದು ಹಲಗೆಯಿಂದ ಮೊಟ್ಟೆಯಿರುವ ಸಣ್ಣ ಚಕ್ಕೆಯೊಂದನ್ನು ಸೀಳಿ, ಹೊಂಡದ ನೀರು ತುಂಬಿದ ಗಾಜಿನ ಜಾಡಿಯಲ್ಲಿ ನೆರಳಿಗಿಟ್ಟು ದಿನವೂ ನೋಡುತ್ತಿರಿ. ಮೊಟ್ಟೆ ಎಂದು ಒಡೆಯಿತು ಎಂಬುದೇ ನಿಮ್ಮ ಹೊಂಡದ ಪಂಚಾಂಗ. ಎರಡನೆಯ ಬಾರಿ ಔಷಧ ಹಾಕುವ ದಿನವನ್ನು ಅದರಿಂದ ಗೊತ್ತುಮಾಡಬಹುದು.

ಮೂರನೆಯ ಹಂತ: ನೀರನ್ನು ಅಳೆಯುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಬೇಕು. ಔಷಧದ ಪ್ರಮಾಣವನ್ನು ಹೊಂಡಕ್ಕೆ ಇಷ್ಟು ಎಂದು ಹೇಳಲಾಗುವುದಿಲ್ಲ, ನೀರಿಗೆ ಇಷ್ಟು ಎಂದು ಹೇಳಲಾಗುತ್ತದೆ. ಕೃಷಿಭಾಗ್ಯ ಯೋಜನೆಯ ಮಾದರಿಯಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವೊಂದನ್ನು ತೆಗೆದುಕೊಳ್ಳೋಣ. ಮಾಲೀಕರನ್ನು ಕೇಳಿದರೆ ಮೂರು ಸಂಖ್ಯೆಗಳನ್ನೂ ಗುಣಿಸಿ 1,323 ಘನ ಮೀಟರ್ ನೀರಿದೆ ಎನ್ನುತ್ತಾರೆ. ಆದರೆ ಹೊಂಡದ ಬದಿಗಳು ಗೋಡೆಯಂತೆ ನೆಟ್ಟಗಿರುವುದಿಲ್ಲ, ಇಳಿಜಾರಾಗಿರುತ್ತವೆ. ನೀರು ಕಂಠಮಟ್ಟ ತುಂಬಿರುವುದೂ ಅಪರೂಪ. ಇಳಿಜಾರು ಒಂದಕ್ಕೆ ಒಂದರಂತಿದ್ದು, ನೀರು ಎರಡೂವರೆ ಮೀಟರ್ ನಿಂತಿದೆ ಎಂದುಕೊಂಡರೆ, ನೀರಿನ ಮೇಲ್ಮೈ 20 ಮೀಟರ್ ಚೌಕವಾಗಿರುತ್ತದೆ, ತಳ 15 ಮೀಟರ್ ಚೌಕವಾಗಿರುತ್ತದೆ, ನಡುಮಟ್ಟ ಹದಿನೇಳೂವರೆ ಮೀಟರ್ ಚೌಕವಾಗಿರುತ್ತದೆ.

ಲೆಕ್ಕ ಹೀಗೆ: ಮೇಲ್ಮೈಯ ವಿಸ್ತೀರ್ಣ 400 ಚದರ ಮೀಟರ್, ತಳದ್ದು 225, ನಡುಮಟ್ಟದ್ದು 306.25. ನಡುಮಟ್ಟದ ವಿಸ್ತೀರ್ಣವನ್ನು ನಾಲ್ಕರಿಂದ ಗುಣಿಸಿದರೆ 1,225. ಮೂರನ್ನೂ ಕೂಡಿದರೆ 1,850. ಅದನ್ನು ನೀರಿನ ಆಳವಾದ 2.5ರಿಂದ ಗುಣಿಸಿ ಆರರಿಂದ ಭಾಗಿಸಿದರೆ ಸುಮಾರು 771 ಘನ ಮೀಟರ್ ಬರುತ್ತದೆ. ಮಾಲೀಕರ ಲೆಕ್ಕದಂತೆ 1,323 ಘನ ಮೀಟರಿಗೆ ಔಷಧ ಹಾಕಿದ್ದರೆ ಬೇಕಾದುದಕ್ಕಿಂತ ಒಂದೂ ಮುಕ್ಕಾಲು ಪಾಲಿನಷ್ಟು ಬಿದ್ದಿರುತ್ತಿತ್ತು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಹೆಚ್ಚುವರಿ ಔಷಧವನ್ನು ಹೀರಿಕೊಳ್ಳಲು ಕೆಸರೂ ಇಲ್ಲ, ಬಗ್ಗಡವೂ ಕಡಿಮೆ. ಆದ್ದರಿಂದ ಮಣ್ಣಿನ ಕೆರೆಯಲ್ಲಿ ದಕ್ಕಿಸಿಕೊಳ್ಳಬಹುದಾದ ತಪ್ಪು ಇಲ್ಲಿ ಮೀನಿನ ಪ್ರಾಣಕ್ಕೆ ಬರುತ್ತದೆ.

ಮಣ್ಣಿನ ಕೆರೆಯಾದರೆ ತೆಪ್ಪದಲ್ಲಿ ಹೋಗಿ, ಗುರುತು ಹಾಕಿದ ಬಿದಿರಿನ ಗಳುವನ್ನು ಅಡ್ಡ ಮತ್ತು ಉದ್ದ ಎರಡೂ ಸಾಲಿನಲ್ಲಿ ಹತ್ತು ಹದಿನೈದು ಕಡೆ ಇಳಿಸಿ ಸರಾಸರಿ ಆಳವನ್ನು ಕಂಡುಕೊಳ್ಳಬೇಕು. ಗಳು ಕೆಸರಿನೊಳಗೆ ಇಳಿಯದಂತೆ ತುದಿಗೆ ಒಂದು ತಟ್ಟೆ ಕಟ್ಟಿ. ಏರಿಯ ಬಳಿಯ ಆಳವೊಂದನ್ನೇ ನೋಡಿ ಇಡೀ ಕೆರೆಗೆ ಅನ್ವಯಿಸುವುದು ದೊಡ್ಡ ತಪ್ಪು, ಏಕೆಂದರೆ ಕೆರೆಯ ಅತ್ಯಂತ ಆಳದ ಜಾಗ ಸಾಮಾನ್ಯವಾಗಿ ಅದೇ. ಒಂದು ಎಕರೆ ವಿಸ್ತೀರ್ಣಕ್ಕೆ ಒಂದು ಮೀಟರ್ ಆಳದ ನೀರೆಂದರೆ ಸುಮಾರು 4,047 ಘನ ಮೀಟರ್. ಔಷಧದ ಚೀಟಿಯಲ್ಲಿ ‘ಎಕರೆ-ಮೀಟರ್’ ಎಂದಿದ್ದರೆ, ನಿಮ್ಮ ಗಳುವಿನ ಗುರುತು ಅಡಿಗಳಲ್ಲಿದ್ದರೆ, ಮೊದಲು ಅಡಿಯನ್ನು ಮೀಟರಿಗೆ ತನ್ನಿ. ಅಡಿಯನ್ನು ಮೀಟರೆಂದು ಎಣಿಸಿದವರು ಮೂರು ಪಟ್ಟಿಗಿಂತ ಹೆಚ್ಚು ಸುರಿದಿರುತ್ತಾರೆ.

ನಾಲ್ಕನೆಯ ಹಂತ: ಔಷಧ

ಡೈಕ್ಲೋರ್ವಾಸ್ ಮತ್ತು ಟ್ರೈಕ್ಲೋರ್‌ಫಾನ್ ಎಂಬ ಕೀಟನಾಶಕಗಳನ್ನು ಹಿಂದೆ ಮೀನು ಹೇನಿಗೆ ಬಳಸುತ್ತಿದ್ದರು. 2018ರ ಕೇಂದ್ರ ಸರ್ಕಾರದ ಆದೇಶದಂತೆ ಅವೆರಡೂ 2020ರ ಡಿಸೆಂಬರ್ 31ರಿಂದ ನಿಷೇಧಿತವಾಗಿವೆ. ಉಗ್ರಾಣದ ಮೂಲೆಯಲ್ಲಿ ಉಳಿದ ಹಳೆಯ ಬಾಟಲಿಯನ್ನು ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಸೈಪರ್‌ಮೆಥ್ರಿನ್ ಮತ್ತು ಡೆಲ್ಟಾಮೆಥ್ರಿನ್. ಇವೆರಡೂ ಮೀನಿಗೂ ವಿಷವೇ. ಹೇನನ್ನು ಕೊಲ್ಲುವ ಪ್ರಮಾಣಕ್ಕೂ ಮೀನನ್ನು ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ದೊಡ್ಡದಲ್ಲ. ಪ್ರಮಾಣವನ್ನು ನಾನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಒಂದೇ ಹೆಸರಿನ ಔಷಧ ಬೇರೆ ಬೇರೆ ಸಾಂದ್ರತೆಯಲ್ಲಿ ಮಾರಾಟವಾಗುತ್ತದೆ: ಸೈಪರ್‌ಮೆಥ್ರಿನ್ ಶೇ 10 ಮತ್ತು ಶೇ 25ರಲ್ಲಿ, ಡೆಲ್ಟಾಮೆಥ್ರಿನ್ ಶೇ 2.8 ಮತ್ತು ಶೇ 11ರಲ್ಲಿ. ಪಕ್ಕದ ಊರಿನವರು ‘ಇಷ್ಟು ಮಿಲಿಲೀಟರ್ ಹಾಕಿದೆ’ ಎಂದದ್ದನ್ನು ಕೇಳಿಕೊಂಡು ಬಂದು, ಅವರದಕ್ಕಿಂತ ನಾಲ್ಕು ಪಟ್ಟು ಖಾರವಾದ ಬಾಟಲಿಯಿಂದ ಅಷ್ಟೇ ಅಳೆದು ಹಾಕಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಬಾಟಲಿಯನ್ನೂ, ಮೂರನೆಯ ಹಂತದ ಲೆಕ್ಕದ ಚೀಟಿಯನ್ನೂ ಕೈಯಲ್ಲಿ ಹಿಡಿದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ಪ್ರಮಾಣವನ್ನು ಬರೆಸಿಕೊಳ್ಳಿ. ದನಗಳ ಉಣ್ಣೆಗೆಂದು ಮಾರುವ ಔಷಧವನ್ನು ಕೇಳದೆ ಸುರಿಯುವುದು ಬೇಡ. ಪೊಟ್ಟಣದ ಮೇಲೆ ಏನಿದೆಯೆಂದೇ ಮುದ್ರಿಸದ ‘ಗಿಡಮೂಲಿಕೆ ಹೇನು ನಿವಾರಕ’ಗಳಿಗೆ ದುಡ್ಡು ಕೊಡುವುದೂ ಬೇಡ. ಬೇವಿನ ಸೊಪ್ಪನ್ನು ಹೊರೆಗಟ್ಟಲೆ ಹೊಂಡಕ್ಕೆ ಎಸೆಯುವವರ ಉದ್ದೇಶ ಒಳ್ಳೆಯದೇ. ಆದರೆ ಆ ಸೊಪ್ಪು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ.

ಔಷಧ ಹಾಕುವ ಹಿಂದಿನ ದಿನ ಒಂದು ಪರೀಕ್ಷೆ ಕಡ್ಡಾಯ. ನೂರು ಲೀಟರ್ ಹೊಂಡದ ನೀರಿನ ತೊಟ್ಟಿಯಲ್ಲಿ ಐದಾರು ಸಣ್ಣ ಮೀನು ಬಿಟ್ಟು, ಅದೇ ಸಾಂದ್ರತೆಯ ಔಷಧ ಹಾಕಿ, ಗಾಳಿ ಯಂತ್ರ ಓಡಿಸಿ ಒಂದು ಇಡೀ ದಿನ ನೋಡಬೇಕು. ಇಷ್ಟು ಸಣ್ಣ ಪ್ರಮಾಣವನ್ನು ನೇರವಾಗಿ ಅಳೆಯಲು ಆಗುವುದಿಲ್ಲವಾದ್ದರಿಂದ, ಒಂದು ಮಿಲಿಲೀಟರ್ ಔಷಧವನ್ನು ಒಂದು ಲೀಟರ್ ನೀರಿಗೆ ಬೆರೆಸಿ, ಆ ನೀರಿನಿಂದ ಬೇಕಾದಷ್ಟನ್ನು ಸಿರಿಂಜಿನಲ್ಲಿ ತೆಗೆಯಿರಿ. ಮೀನು ಮಗುಚಿಕೊಂಡರೆ ಅಥವಾ ಸುಳಿಸುಳಿದು ಈಜಿದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದರ್ಥ. ಮತ್ತೆ ಮೂರನೆಯ ಹಂತಕ್ಕೆ ಹೋಗಿ.

ಪರೀಕ್ಷೆ ಸರಿಹೋದರೆ ಬಿಸಿಲಿರುವ ದಿನದ ಬೆಳಿಗ್ಗೆ ಔಷಧ ಹಾಕಿ. ಮೋಡ ಮುಚ್ಚಿದ ದಿನ ಬೇಡ, ಏಕೆಂದರೆ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆಯಿರುತ್ತದೆ. ಈ ಗುಂಪಿನ ಔಷಧಗಳು ನೀರು ತಣ್ಣಗಿದ್ದಾಗ ಮೀನಿಗೆ ಹೆಚ್ಚು ವಿಷವಾಗುವುದರಿಂದ ಚಳಿಗಾಲದಲ್ಲಿ ಇಮ್ಮಡಿ ಎಚ್ಚರ ಬೇಕು. ಹಿಂದಿನ ಸಂಜೆಯಿಂದ ಮೇವು ನಿಲ್ಲಿಸಿ. ಔಷಧವನ್ನು ಹತ್ತಾರು ಲೀಟರ್ ನೀರಿಗೆ ಬೆರೆಸಿ, ಗಾಳಿ ಬೀಸುವ ಕಡೆಯಿಂದ ಆರಂಭಿಸಿ, ಹೊಂಡದ ಇಡೀ ಮೇಲ್ಮೈಗೆ ಸಮನಾಗಿ ಮಗ್ಗಿನಿಂದ ಎರಚಿ. ಹೊಲಕ್ಕೆ ಕಳೆನಾಶಕ ಸಿಂಪಡಿಸಿದ ಪಂಪನ್ನು ಇದಕ್ಕೆ ಬಳಸಲೇಬಾರದು. ಔಷಧದಿಂದ ಸತ್ತ ಸೂಕ್ಷ್ಮ ಜೀವಿಗಳು ಕೊಳೆಯತೊಡಗುವುದರಿಂದ ಆ ರಾತ್ರಿ ಆಮ್ಲಜನಕ ಕುಸಿಯುತ್ತದೆ. ನೀರನ್ನು ಮೇಲಕ್ಕೆತ್ತಿ ಚಿಮ್ಮಿಸುವ ಪಂಪನ್ನು ಬೆಳಗಿನವರೆಗೆ ಓಡಿಸುವ ವ್ಯವಸ್ಥೆ ಇಲ್ಲದಿದ್ದರೆ, ಅಂಥ ವ್ಯವಸ್ಥೆ ಆಗುವವರೆಗೆ ಔಷಧ ಹಾಕದಿರುವುದೇ ಒಳ್ಳೆಯದು.

ಐದನೆಯ ಹಂತ: ಎರಡನೆಯ ಮತ್ತು ಮೂರನೆಯ ಸರದಿ

ಔಷಧ ಮೀನಿನ ಮೈಮೇಲಿನ ಹೇನನ್ನು ಕೊಲ್ಲುತ್ತದೆಯೇ ಹೊರತು ಗಟ್ಟಿ ಕವಚದ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಒಡೆದು ಹೊರಬಂದ ಮರಿ ಎರಡು ಮೂರು ದಿನದೊಳಗೆ ಮೀನನ್ನು ಹಿಡಿಯುತ್ತದೆ. ಅದು ಬೆಳೆದು ತಾನೇ ಮೊಟ್ಟೆ ಇಡುವ ಮೊದಲು ಎರಡನೆಯ ಸರದಿ ಬೀಳಬೇಕು. ಬೆಚ್ಚನೆಯ ನೀರಿನಲ್ಲಿ ಮೊದಲ ಸರದಿಯಿಂದ ಹತ್ತು ಹನ್ನೆರಡು ದಿನಕ್ಕೆ ಎರಡನೆಯದು, ಮತ್ತೆ ಅಷ್ಟೇ ದಿನಕ್ಕೆ ಮೂರನೆಯದು ಎಂಬುದು ಒಳ್ಳೆಯ ಕ್ರಮ. ಜಾಡಿಯ ಮೊಟ್ಟೆ ತಡವಾಗಿ ಒಡೆದರೆ ಅಂತರವನ್ನೂ ಹಿಗ್ಗಿಸಿ. ಪ್ರತಿ ಸರದಿಗೂ ಮುನ್ನ ನೀರನ್ನು ಮತ್ತೆ ಅಳೆಯಬೇಕು, ಏಕೆಂದರೆ ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸಿದ ಹೊಂಡ ಹತ್ತು ದಿನದಲ್ಲಿ ಅರೆ ಮೀಟರ್ ಇಳಿದಿರಬಹುದು. ಇಪ್ಪತ್ತು ಮೀನುಗಳ ಎಣಿಕೆಯನ್ನೂ ಮತ್ತೆ ಮಾಡಿ. ಹಲಗೆಗಳನ್ನು ಏಳು ದಿನಕ್ಕೊಮ್ಮೆ ಎತ್ತಿ ಒಣಗಿಸಿ ಇಳಿಸುವ ಕೆಲಸವೂ ಈ ಅವಧಿಯುದ್ದಕ್ಕೂ ನಡೆಯಲಿ.

ಮೂರು ಸರದಿಯ ನಂತರವೂ ಎಣಿಕೆ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸಬೇಡಿ, ಔಷಧವನ್ನೇ ಬದಲಿಸಲು ಸಲಹೆ ಕೇಳಿ. ನಾರ್ವೆ, ಸ್ಕಾಟ್ಲೆಂಡ್, ಚಿಲಿಗಳ ಸಮುದ್ರದಲ್ಲಿ ಸಾಲ್ಮನ್ ಮೀನು ಸಾಕುವವರು ಕಡಲ ಹೇನಿನ ಮೇಲೆ ಇದೇ ಗುಂಪಿನ ಔಷಧಗಳನ್ನು ಮತ್ತೆ ಮತ್ತೆ ಸುರಿದ ಫಲವಾಗಿ ಅಲ್ಲಿನ ಹೇನುಗಳು ಔಷಧಕ್ಕೆ ಜಗ್ಗದಂತಾಗಿವೆ. ನಾರ್ವೆ, ಸ್ಕಾಟ್ಲೆಂಡ್‌ಗಳಲ್ಲಿ ಹೇನನ್ನು ಹೆಕ್ಕಿ ತಿನ್ನುವ ಬೇರೆ ಜಾತಿಯ ಮೀನುಗಳನ್ನು ಸಾಲ್ಮನ್ ಜೊತೆ ಬಿಡುವವರೆಗೆ ವಿಷಯ ಹೋಗಿದೆ.

ಆರನೆಯ ಹಂತ: ಮತ್ತೆ ಬಾರದಂತೆ

ಮೀನು ಹಿಡಿದು ಮುಗಿಸಿದ ಮೇಲೆ ಹೊಂಡವನ್ನು ಪೂರ್ತಿ ಬರಿದುಮಾಡಿ, ತಳ ಬಿರುಕು ಬಿಡುವವರೆಗೆ ಒಣಗಿಸಿ, ಮಣ್ಣಿನ ಹೊಂಡಕ್ಕೆ ಸುಟ್ಟ ಸುಣ್ಣ ಹಾಕಿ. ಪ್ಲಾಸ್ಟಿಕ್ ಹಾಸಿನ ಹೊಂಡವನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಬೇಕು. ಮೂಲೆಯ ಗುಂಡಿಯಲ್ಲಿ ಉಳಿದ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್‌ಗಳನ್ನು ಒಂದೂ ಬಿಡದೆ ತೆಗೆಯಿರಿ. ಹೇನು ಇಂಥದೇ ಮೀನು ಬೇಕೆಂದು ಹಟ ಹಿಡಿಯುವುದಿಲ್ಲ. ಹೀಗೆ ಉಳಿದ ಕಳೆ ಮೀನು ಮುಂದಿನ ಬೆಳೆಗೆ ಹೇನನ್ನು ಕಾಯ್ದಿಟ್ಟುಕೊಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗಂತೂ ದೇಶದಲ್ಲಿ ನಿಷೇಧವೇ ಇದೆ. ಹಿಡಿದದ್ದನ್ನು ಪಕ್ಕದ ಕಾಲುವೆಗೆ ಎಸೆಯದೆ ಕೊಂದು ಹೂಳಬೇಕು. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಹೇನಿನ ಮರಿಯನ್ನು ಆ ಬಲೆ ತಡೆಯದು, ಹೇನನ್ನು ಹೊತ್ತು ತರುವ ಮೀನನ್ನು ತಡೆಯುತ್ತದೆ.

ಹೊಸ ಬಿತ್ತನೆ ಮರಿಗಳನ್ನು ತಂದ ದಿನವೇ ಹೊಂಡಕ್ಕೆ ಬಿಡಬಾರದು. ಹತ್ತು ಲೀಟರ್ ನೀರಿಗೆ 200ರಿಂದ 300 ಗ್ರಾಂ ಕಲ್ಲುಪ್ಪು ಕರಗಿಸಿ, ಮರಿಗಳನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ, ಒಂದು ಮರಿ ಮಗುಚಿದರೂ ಕೂಡಲೇ ಹೊರತೆಗೆದು, ಬೇರೆ ತೊಟ್ಟಿಯಲ್ಲಿ ಹದಿನೈದು ದಿನ ಇರಿಸಿ ನೋಡಿ. ಉಪ್ಪುನೀರು ಹೇನನ್ನು ಕಳಚಿ ಬೀಳಿಸುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಆ ನೀರನ್ನು ಹೊಂಡದಿಂದ ದೂರ ಒಣ ನೆಲಕ್ಕೆ ಚೆಲ್ಲಬೇಕು. ಅಂದಕ್ಕೆಂದು ಕೃಷಿ ಹೊಂಡಕ್ಕೆ ಅಕ್ವೇರಿಯಂ ಅಂಗಡಿಯ ಗೋಲ್ಡ್‌ಫಿಶ್, ಕೋಯಿ ಬಿಡುವ ಚಪಲವನ್ನು ಬಿಡಿ. ಪೂರ್ವ ಏಷ್ಯಾದ ಆರ್ಗ್ಯುಲಸ್ ಜಪೋನಿಕಸ್ ಎಂಬ ಹೇನು ಇವೆರಡರ ವ್ಯಾಪಾರದ ಬೆನ್ನೇರಿಯೇ ಯುರೋಪ್, ಅಮೆರಿಕ, ಆಫ್ರಿಕಾ, ಆಸ್ಟ್ರೇಲಿಯಾಗಳನ್ನು ಸೇರಿತು. ಲಂಗರು ಹುಳು ಖಂಡದಿಂದ ಖಂಡಕ್ಕೆ ದಾಟಿದ್ದೂ ಗೆಂಡೆ ಮತ್ತು ಗೋಲ್ಡ್‌ಫಿಶ್‌ಗಳ ಜೊತೆಗೆ. ಮೀನು ಹಿಡಿಯಲು ಬರುವ ಗುತ್ತಿಗೆದಾರರ ಬಲೆ ಒಂದು ಊರಿನಿಂದ ಇನ್ನೊಂದು ಊರಿಗೆ ಒದ್ದೆಯಾಗಿಯೇ ಹೋಗುತ್ತದೆ; ಬಿಸಿಲಿನಲ್ಲಿ ಗರಿಗರಿಯಾಗಿ ಒಣಗದ ಬಲೆಯನ್ನು ನಿಮ್ಮ ನೀರಿಗೆ ಇಳಿಯಬಿಡಬೇಡಿ. ಔಷಧ ಹಾಕಿದ ಹೊಂಡದ ಮೀನನ್ನು, ಬಾಟಲಿಯ ಮೇಲೆ ಅಥವಾ ಅಧಿಕಾರಿಯ ಚೀಟಿಯಲ್ಲಿ ಬರೆದಿರುವ ಕಾಯುವ ಅವಧಿ ಮುಗಿಯುವವರೆಗೆ ಮಾರುಕಟ್ಟೆಗೂ ಕಳುಹಿಸಬಾರದು, ಮನೆಯ ಅಡುಗೆಗೂ ತರಬಾರದು.